ಅರ್ಧ ಅಪ್ಪನದು, ಅರ್ಧ ಮೇಡಂದು

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಊರಿನ ಬಾಯಲ್ಲಿ ಅವನು ನೋಡೋಣಪ್ಪ. ಏನು ಕೇಳಿದರೂ ಹೌದು ಅನ್ನುವವನಲ್ಲ, ಇಲ್ಲ ಅಂದು ಯಾರ ಮನಸ್ಸನ್ನೂ ನೋಯಿಸುವವನೂ ಅಲ್ಲ. ಪಂಪಿನ ವಾಷರ್ ಸವೆದಿದೆ ಅಂದರೆ "ನೋಡೋಣ." ಅಡುಗೆಮನೆಯ ಚಾವಣಿ ಸೋರುತ್ತಿದೆ ಅಂದರೆ, ಬೋಳುತಲೆಯ ಮೇಲೆ ಆಗಷ್ಟೇ ಬಿದ್ದ ಹನಿಯನ್ನು ಒರೆಸಿಕೊಳ್ಳುತ್ತ, "ನೋಡೋಣ." ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗಲೂ ಅದನ್ನೇ ಅಂದಿದ್ದನಂತೆ. "ನಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದ. ಹೂಂ ಅಂದ್ರು ಅಂದ್ಕೊಂಡ್ರು. ಇಲ್ಲದಿದ್ರೆ ನಾನು ಇನ್ನೂ ಕಾಯ್ತಾ ಕೂತಿರ್ತಿದ್ದೆ" ಎಂದು ಅವನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ.

ಅವನ ಹೊಲ ರಸ್ತೆಗೆ ತಾಗಿಕೊಂಡೇ ಇತ್ತು. ಅದರಲ್ಲಿ ಟೊಮೇಟೊ. ಅಪ್ಪನ ಕಾಲದಿಂದಲೂ ಟೊಮೇಟೊ, ಅಪ್ಪನ ಪದ್ಧತಿಯಲ್ಲೇ. ಒಂದು ಗುಣಿಗೆ ಎರಡು ಸಸಿ, ಒಂದು ಹೋದರೆ ಇನ್ನೊಂದು ಉಳಿಯಲಿ ಅಂತ. ಸಾಲುಗಳು ಒತ್ತೊತ್ತು. ಕಾಲುವೆ ತುಂಬ ನೀರು. ಗಿಡ ಬೆಳೆದಂತೆಲ್ಲ ತನ್ನ ಪಾಡಿಗೆ ತಾನು ನೆಲದ ಮೇಲೆ ಕೈಕಾಲು ಚಾಚಿ ಮಲಗಿಕೊಳ್ಳಬೇಕು. "ಗಿಡ ಕೂಸಿದ್ದ ಹಾಗೆ, ಮಲಗಿದಷ್ಟೂ ಬೆಳೆಯುತ್ತೆ" ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ತೀರಿಕೊಂಡು ವರ್ಷಗಳಾದರೂ ಆ ಹೊಲದಲ್ಲಿ ಅವನ ಮಾತೇ ನಡೆಯುತ್ತಿತ್ತು.

ಹೀಗಿರುವಾಗ ಊರಿಗೆ ತೋಟಗಾರಿಕೆ ಇಲಾಖೆಯಿಂದ ಹೊಸ ಮೇಡಂ ಬಂದಳು. ಚಿಕ್ಕ ವಯಸ್ಸು, ದೊಡ್ಡ ಹೆಲ್ಮೆಟ್ಟು, ಸ್ಕೂಟರಿನ ಮುಂದೆ ಉಬ್ಬಿದ ಚೀಲ. ಬಂದವಳೇ ತರಕಾರಿ ತೂಗುವ ತಗಡಿನ ಶೆಡ್ಡಿನಲ್ಲಿ ಬೆಳೆಗಾರರನ್ನು ಸೇರಿಸಿದಳು. ಚಹಾ ಇದೆ ಎಂಬ ಸುದ್ದಿ ಮೊದಲೇ ಹಬ್ಬಿದ್ದರಿಂದ ಜನ ಚೆನ್ನಾಗಿಯೇ ಸೇರಿದರು. ಗಿಡದಿಂದ ಗಿಡಕ್ಕೆ ಜಾಗ ಬಿಡಿ, ಗಾಳಿಯಾಡಲಿ ಅಂದಳು. ಮಣ್ಣು ಏರಿಸಿ ಮಡಿ ಮಾಡಿ, ಕೋಲು ನೆಟ್ಟು ದಾರ ಕಟ್ಟಿ ಗಿಡ ನಿಲ್ಲಿಸಿ ಅಂದಳು. ಬೆರಳು ಚುಚ್ಚಿ ಮಣ್ಣು ಒಣಗಿದೆಯೋ ನೋಡಿ ಆಮೇಲೆ ನೀರು ಬಿಡಿ, ಹಳದಿ ಅಂಟು ಹಾಳೆ ತೂಗಿಹಾಕಿ ಕೀಟ ಹಿಡಿಯಿರಿ ಅಂದಳು. ಬೆಳೆಗಾರರು ಎಲ್ಲದಕ್ಕೂ ತಲೆ ಆಡಿಸಿದರು. ತಲೆ ಆಡಿಸುವುದಕ್ಕೆ ಗೊಬ್ಬರವೂ ಬೇಡ, ನೀರೂ ಬೇಡ.

ಕೊನೆಗೆ ಮೇಡಂ ನೋಡೋಣಪ್ಪನ ಹತ್ತಿರ ಬಂದಳು.

"ಯಜಮಾನ್ರೇ, ನಿಮ್ಮ ಹೊಲ ರಸ್ತೆ ಪಕ್ಕದಲ್ಲೇ ಇದೆ. ಓಡಾಡೋರಿಗೆಲ್ಲ ಕಾಣುತ್ತೆ. ಈ ಸಲ ಅಲ್ಲೇ, ಎಲ್ಲರೂ ನೋಡಿ ಕಲಿಯೋ ಹಾಗೆ, ಮಾದರಿ ತಾಕು ಮಾಡೋಣ್ವಾ?"

"ನೋಡೋಣ."

"ತುಂಬ ಥ್ಯಾಂಕ್ಸ್ ಯಜಮಾನ್ರೇ!" ಅಂದಳು ಮೇಡಂ, ಮುಖ ಅರಳಿಸಿಕೊಂಡು. ಪಾಪ, ಹೊಸಬಳು. ಆ ಪದದ ಅರ್ಥ ಈ ಊರಿನಲ್ಲಿ ಬೇರೆ ಎಂದು ಅವಳಿಗೆ ಯಾರು ಹೇಳಬೇಕು? ಹೇಳಬಹುದಾಗಿದ್ದ ಜನರೆಲ್ಲ ಲೋಟದೊಳಗೆ ಮೂಗು ತೂರಿಸಿ ನಗು ತಡೆದುಕೊಳ್ಳುತ್ತಿದ್ದರು.

ಮುಂದಿನ ವಾರ ನೋಡೋಣಪ್ಪ ಹೊಲಕ್ಕೆ ಹೋದರೆ ರಸ್ತೆಯಂಚಿನಲ್ಲಿ ಆಳೆತ್ತರದ ನೀಲಿ ಬೋರ್ಡು ನಿಂತಿದೆ. "ಮಾದರಿ ಟೊಮೇಟೊ ತಾಕು." ಕೆಳಗೆ ಅವನ ಹೊಲದ ಕಡೆ ತಿರುಗಿದ ಒಂದು ದಪ್ಪ ಬಾಣ. ಅಲ್ಲಾಡಿಸಿ ನೋಡಿದ. ಕಂಬದ ಬುಡಕ್ಕೆ ಸಿಮೆಂಟು ಹಾಕಿದ್ದರು, ಅದೂ ಗಟ್ಟಿಯಾಗಿಬಿಟ್ಟಿತ್ತು.

ಪಕ್ಕದ ಹೊಲ ಅವನ ಷಡ್ಡಕನದು, ಅಂದರೆ ಹೆಂಡತಿಯ ತಂಗಿಯ ಗಂಡನದು. ಅಕ್ಕತಂಗಿಯರು ಎಷ್ಟು ಅನ್ಯೋನ್ಯವೋ, ಗಂಡಂದಿರು ಅಷ್ಟೇ ಪೈಪೋಟಿ. ಷಡ್ಡಕ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೋರ್ಡನ್ನು ಅಕ್ಷರ ಬಿಡದೆ ಜೋರಾಗಿ ಓದಿದ.

"ಅಣ್ಣ, ನಿಮ್ಮ ಹೊಲಕ್ಕೆ ಸರ್ಕಾರಿ ಕೆಲಸ ಸಿಕ್ಕಿದ್ದು ನಮಗೆ ಹೇಳ್ಲೇ ಇಲ್ವಲ್ಲ? ಪಿಂಚಣಿ ಇದೆಯಾ?"

ನೋಡೋಣಪ್ಪನಿಗೆ ಮೈ ಉರಿದುಹೋಯಿತು. ಬೋರ್ಡು ಕಿತ್ತರೆ ಆ ಹುಡುಗಿಯ ಮುಖ ನೋಡುವ ಹಾಗಿಲ್ಲ. ಬಿಟ್ಟರೆ ಷಡ್ಡಕನ ಬಾಯಿ ಮುಚ್ಚುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಮೇಡಂಗೆ ಹೇಳಿದ: "ಅರ್ಧ ನೀವು ಹೇಳಿದಂತೆ. ಅರ್ಧ ನಮ್ಮ ಅಪ್ಪ ಹೇಳಿದಂತೆ." ಅವಳು ಮುನಿಸಿಕೊಂಡು ಬೋರ್ಡು ಕಿತ್ತುಕೊಂಡು ಹೋಗಲಿ ಎಂಬುದು ಒಳಗಿನ ಆಸೆ. ಆದರೆ ಮೇಡಂ ಕೈ ತಟ್ಟಿ ಕುಣಿಯುವುದೊಂದು ಬಾಕಿ.

"ಹೋಲಿಸಿ ನೋಡೋದಕ್ಕೆ ಅದೇ ಬೇಕಾಗಿತ್ತು ಯಜಮಾನ್ರೇ! ಒಂದೇ ಒಂದು ಮಾತು. ಗೊಬ್ಬರ ಎರಡಕ್ಕೂ ಸಮ ಇರ್ಲಿ. ನೀರು ಆಯಾ ಪದ್ಧತಿಗೆ ಎಷ್ಟೋ ಅಷ್ಟೇ. ಒಂದಕ್ಕೆ ಕದ್ದು ಜಾಸ್ತಿ ಮಾಡೋದು, ಇನ್ನೊಂದಕ್ಕೆ ಕಮ್ಮಿ ಮಾಡೋದು ಇರಬಾರದು."

"ಕದ್ದು! ನಾವು!" ಅಂದ ನೋಡೋಣಪ್ಪ, ಎದೆ ಮುಟ್ಟಿಕೊಂಡು.

ಹೊಲ ಎರಡಾಯಿತು. ನಡುವೆ ಒಂದು ಕಾಲುವೆ. ಮೇಡಂ ಪಾಲನ್ನು ಹೆಂಡತಿಯ ತಲೆಗೆ ಕಟ್ಟಿ ಅವನು ಅಪ್ಪನ ಪಾಲಿಗೆ ನಿಂತ. ಹೆಂಡತಿ ಬೇಡ ಅನ್ನಲಿಲ್ಲ. ಅಳತೆಕೋಲು ಹಿಡಿದು ಜಾಗ ಬಿಟ್ಟು ಒಂದೊಂದೇ ಸಸಿ ಕೂರಿಸಿದಳು, ಕೋಲು ನೆಟ್ಟಳು, ಹಳದಿ ಹಾಳೆ ತೂಗಿಹಾಕಿದಳು. ನೋಡೋಣಪ್ಪ ಕಾಲುವೆಯ ಈಚೆ ನಿಂತು ಕೊಂಕು ತೆಗೆಯುತ್ತಿದ್ದ. "ಅದೇನು ಗಿಡ ಹಾಕ್ತಿದ್ದೀಯೋ, ಊರಿಗೊಂದು ಮನೆ ಕಟ್ಟಿಸ್ತಿದ್ದೀಯೋ? ಪಕ್ಕದ ಗಿಡದ ಹತ್ತಿರ ಮಾತಾಡ್ಬೇಕಾದ್ರೆ ಅದು ಫೋನ್ ಮಾಡ್ಬೇಕು!"

ಒಂದು ದಿನ ಅವಳು ಇಲ್ಲದ ಹೊತ್ತಿನಲ್ಲಿ ಆ ಹಾಳೆಗಳನ್ನು ಹತ್ತಿರದಿಂದ ನೋಡಲು ಹೋದ. ನೋಡಿ ಹಿಂದಕ್ಕೆ ತಿರುಗಿದ, ಅಷ್ಟೆ. ಆಮೇಲೆ ಪೇಟೆಗೆ ಹೋಗಿ, ಬೀಜದ ಅಂಗಡಿಯಲ್ಲಿ ಕೂತು, ಚಹಾ ಕುಡಿದು ಎದ್ದಾಗ ಅಂಗಡಿಯವನು ಕೇಳಿದ: "ಏನು, ನಿಮ್ಮ ಬೆನ್ನಿಗೂ ಕೀಟದ ಕಾಟಾನಾ?" ಅಂಗಿಯ ಹಿಂದೆ ಹಳದಿ ಹಾಳೆ, ಅದರ ತುಂಬ ಪೇಟೆಯ ನೊಣ.

ಅಪ್ಪನ ಪಾಲು ಗೆಲ್ಲಲೇಬೇಕು ಎಂದು ಅವನಿಗೆ ಹಟ ಹುಟ್ಟಿದ್ದು ಆ ದಿನವೇ.

ಹಟ ಹೊಕ್ಕ ಮನುಷ್ಯನಿಗೆ ನ್ಯಾಯ ತುಸು ದೂರದಲ್ಲಿ ಕಾಣಿಸುತ್ತದೆ. ಮೊದಲು ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಅಪ್ಪನ ಪಾಲಿಗೆ ಹೆಚ್ಚಿಗೆ ಬಿತ್ತು. ಚೆಲ್ಲಿಹೋಯಿತು ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಒಂದು ಹಿಡಿ ಯೂರಿಯಾ ಚೆಲ್ಲಿತು. ನೀರಿನದಂತೂ ಕೇಳುವುದೇ ಬೇಡ. ಹೆಂಡತಿ ಒಲೆ ಮುಂದೆ ಇರುವ ಹೊತ್ತು ನೋಡಿಕೊಂಡು ಕಾಲುವೆಯ ಮಡೆ ಬಿಡಿಸಿ, ಅಪ್ಪನ ಪಾಲಿಗೆ ಇನ್ನೊಂದು ಸರದಿ ಹರಿಸಿ, ಮಣ್ಣು ಮುಚ್ಚಿ, ಏನೂ ಅರಿಯದವನಂತೆ ಬಂದು ಕೂರುತ್ತಿದ್ದ. ಕಾಲಿನ ಕೆಸರು ಮಾತ್ರ ಮೊಣಕಾಲ ತನಕ ಇರುತ್ತಿತ್ತು. ಹೆಂಡತಿ ಕೆಸರನ್ನು ನೋಡುತ್ತಿದ್ದಳು, ಅವನನ್ನು ನೋಡುತ್ತಿದ್ದಳು, ತುಟಿ ಬಿಗಿದುಕೊಂಡು ಒಲೆ ಕಡೆ ತಿರುಗುತ್ತಿದ್ದಳು. ಅವಳಿಗೆ ಗೊತ್ತಾಗಿಲ್ಲ ಎಂದು ಅವನು ನಂಬಿದ್ದ. ಗಂಡಸರಿಗೆ ಇಂಥ ನಂಬಿಕೆಗಳು ಇರುತ್ತವೆ.

ಅಪ್ಪನ ಪಾಲು ಉಕ್ಕಿ ಬೆಳೆಯಿತು. ಎಲೆ ಅಂದರೆ ಎಲೆ! ಕಡುಹಸಿರು, ಅಂಗೈ ಅಗಲ. ಕಾಲಿಡಲು ಜಾಗವಿಲ್ಲ. ಮೇಡಂ ಪಾಲಿನ ಗಿಡಗಳು ಕೋಲಿಗೆ ಕಟ್ಟಿಸಿಕೊಂಡು, ಬುಡದ ಎಲೆ ಕತ್ತರಿಸಿಕೊಂಡು, ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ನೋಡೋಣಪ್ಪ ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ತೋರಿಸಿದ. "ಬಾಣ ಆ ಕಡೆ ಇದೆ, ನಿಜ. ನೀವು ಈ ಕಡೆ ನೋಡಿ."

ಮೇಡಂ ಬಂದವಳು ಬಗ್ಗಿ, ಎಲೆ ಸರಿಸಿ, ಹೂ ಹುಡುಕಿದಳು. ಸ್ವಲ್ಪ ಹೊತ್ತು ಹುಡುಕಿದಳು. ಕೈಯ ಮಣ್ಣು ಒರೆಸಿಕೊಂಡು ಸ್ಕೂಟರ್ ಹತ್ತಿದಳು.

ಕಾರಣ ಹೇಳುವ ಅಗತ್ಯ ಬೀಳಲಿಲ್ಲ. ತಿಂಗಳು ಕಳೆಯುವುದರೊಳಗೆ ಮೇಡಂ ಪಾಲಿನಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಇಳಿಬಿದ್ದವು. ಅಪ್ಪನ ಪಾಲಿನಲ್ಲಿ ಎಲೆಯೇ ಎಲೆ. ಅಲ್ಲೊಂದು ಇಲ್ಲೊಂದು ಹಣ್ಣಾದದ್ದು ಒದ್ದೆ ನೆಲ ತಾಗಿ ಕೊಳೆಯಿತು, ನೀರು ಹೆಚ್ಚಾಗಿ ಬಿರಿಯಿತು. ಆಮೇಲೆ ಎಲೆಗೆ ಕಂದು ಮಚ್ಚೆ ಬಂತು, ಆಮೇಲೆ ಹುಳ. ಹುಳ ಎಂದರೆ ಎಲ್ಲಿಂದ ಬಂತೋ, ಆ ಸಲದಷ್ಟು ಹುಳ ಅವನು ಜನ್ಮದಲ್ಲಿ ಕಂಡಿರಲಿಲ್ಲ. ನೋಡೋಣಪ್ಪ ಇನ್ನಷ್ಟು ನೀರು ಬಿಟ್ಟ. ಅದು ಇನ್ನಷ್ಟು ಕೆಟ್ಟಿತು. ಯಾರನ್ನಾದರೂ ಕೇಳೋಣವೆಂದರೆ, ಏನೆಂದು ಕೇಳುವುದು? ಕದ್ದು ತಿಂದವನು ವೈದ್ಯರ ಹತ್ತಿರ ಹೊಟ್ಟೆನೋವಿನ ಕಾರಣ ಹೇಳಿದ ಹಾಗಾಗುತ್ತದೆ.

ಅಷ್ಟರಲ್ಲಿ ಹೊಲ ನೋಡುವ ದಿನ ಬಂತು. ಇಲಾಖೆಯ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆಯೇ ಊರಿನ ಬೆಳೆಗಾರರು, ಅವರ ಮುಂದೆ ಷಡ್ಡಕ. ಮೇಡಂ ಅವತ್ತು ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದಳು. ಇದು ಅವಳ ಮೊದಲ ಮಾದರಿ ತಾಕು. ಮಾತಾಡುವಾಗ ಕೈಯ ದಾರದುಂಡೆಯನ್ನು ಬಿಚ್ಚುತ್ತ ಸುತ್ತುತ್ತ ಇದ್ದಳು.

ಸಾಹೇಬರು ಮೇಡಂ ಪಾಲನ್ನು ನೋಡಿ ಭೇಷ್ ಅಂದರು. ಕಾಲುವೆ ದಾಟಿ ಅಪ್ಪನ ಪಾಲಿಗೆ ಬಂದರು. ಬೂಟು ಕೆಸರಿನಲ್ಲಿ ಹೂತಿತು. ಕಿತ್ತುಕೊಂಡು, ಒಂದು ಕೊಳೆತ ಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು.

"ಇದು ನಿಮ್ಮ ಹಳೇ ಪದ್ಧತಿ. ನೋಡಿದ್ರಲ್ಲ? ಇದನ್ನ ಕಲಿಸಿದವರು ಯಾರೋ, ಅವರಿಗೆ ಬೇಸಾಯದ ಗಂಧಗಾಳಿ ಇರಲಿಲ್ಲ ಅಂತ ಕಾಣುತ್ತೆ."

ಯಾರೋ ಕಿಸಕ್ಕೆಂದರು. ನೋಡೋಣಪ್ಪನ ಕಿವಿ ಬಿಸಿಯಾಯಿತು. ಅಪ್ಪನ ಹಣ್ಣು ಇಡೀ ಪೇಟೆ ತಿಂದಿತ್ತು. ಅಪ್ಪನ ಕೈಯಲ್ಲಿ ಈ ನೆಲ ಒಮ್ಮೆಯೂ ಹೀಗೆ ಕೊಳೆತು ನಾರಿರಲಿಲ್ಲ. ಅಪ್ಪನ ಮಾನ ಉಳಿಸಬೇಕಾದರೆ ತನ್ನ ಕಳ್ಳತನ ಹೇಳಬೇಕು. ತನ್ನ ಮಾನ ಉಳಿಸಬೇಕಾದರೆ ಅಪ್ಪನಿಗೆ ಏನೂ ಗೊತ್ತಿರಲಿಲ್ಲ ಎಂದು ಊರ ಮುಂದೆ ಒಪ್ಪಬೇಕು. ಅತ್ತ ದರಿ, ಇತ್ತ ಪುಲಿ. ತಲೆ ತಗ್ಗಿಸಿ ನಿಂತವನು ಒಮ್ಮೆಲೇ ಬಾಯಿ ಬಿಟ್ಟ.

"ಅಪ್ಪನದೇನೂ ತಪ್ಪಿಲ್ಲ ಸಾಹೇಬ್ರೇ! ಅಪ್ಪ ಇಷ್ಟು ನೀರು ಬಿಡು ಅಂತ ಹೇಳಿರ್ಲಿಲ್ಲ. ಯೂರಿಯಾನೂ ಹೇಳಿರ್ಲಿಲ್ಲ. ಅದು... ಗೆಲ್ಲಲಿ ಅಂತ... ನಾನೇ ಕದ್ದು ಹಾಕ್ದೆ."

ಮೇಡಂ ಕೈಯಿಂದ ದಾರದುಂಡೆ ಜಾರಿ ಕಾಲುವೆಗೆ ಬಿತ್ತು.

"ಅಂದ್ರೆ ಹೋಲಿಕೆ ಕೆಟ್ಟಿತು" ಅಂದರು ಸಾಹೇಬರು.

"ಯಜಮಾನ್ರೇ..." ಅಂದಳು ಮೇಡಂ. ಆ ಮುಖ ನೋಡಲಾರದೆ ನೋಡೋಣಪ್ಪ ತನ್ನ ಕಾಲಬೆರಳು ನೋಡಿಕೊಂಡ.

ಆಗ ಹೆಂಡತಿ ಗಂಟಲು ಸರಿ ಮಾಡಿಕೊಂಡಳು. "ಇವರು ಹೇಳಿದ ಮೇಲೆ ನಾನೂ ಹೇಳಿಬಿಡ್ತೀನಿ. ನಾನು ದಿನಾ ಬೆಳಗ್ಗೆ ಬಂದು ಮೇಡಂ ಪಾಲಿನ ಹುಳ ಎಲ್ಲ ಕೈಯಲ್ಲೇ ಆರಿಸ್ತಿದ್ದೆ."

ನೋಡೋಣಪ್ಪ ತಲೆ ಎತ್ತಿದ. "ಆರಿಸಿ?"

"ಆಚೆಗೆ ಹಾಕ್ತಿದ್ದೆ."

"ಆಚೆಗೆ ಅಂದ್ರೆ?"

ಹೆಂಡತಿ ಕಾಲುವೆಯ ಈಚೆ ದಡದ ಕಡೆ ಗಲ್ಲ ತೋರಿಸಿದಳು. ಅಪ್ಪನ ಪಾಲಿನ ಕಡೆ.

ಮೊದಲು ನಕ್ಕವನು ಷಡ್ಡಕ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಸಾಹೇಬರೂ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರೆ. ಇಲ್ಲಿ ಒಂದೇ ಮನೆಯ ಎರಡು ಎತ್ತು ಒಂದೇ ಹೊಲವನ್ನು ಎರಡು ಕಡೆ ಎಳೆದಿದ್ದವು.

"ನನ್ನ ಮೇಲೆ ಅಷ್ಟು ಸಿಟ್ಟೇನೇ ನಿನಗೆ? ಮಾವನ ಗಿಡಕ್ಕೆ ಹುಳ ಬಿಡೋ ಅಷ್ಟು?"

"ಸಿಟ್ಟು ಯಾಕೆ ಬರುತ್ತೆ? ಮೇಡಂ ಪಾಲು ಸೋತ್ರೆ ನೀವು ಆ ಕೋಲೆಲ್ಲ ಕಿತ್ತು ಒಲೆಗೆ ಹಾಕ್ತಿದ್ರಿ. ಗೊತ್ತಿಲ್ವಾ ನನಗೆ?" ಅವಳ ದನಿ ಇಳಿಯಿತು. "ನಿಂತ ಗಿಡದಿಂದ ಹಣ್ಣನ್ನ ನಿಂತುಕೊಂಡೇ ಕೀಳಬಹುದು ರೀ. ಇಷ್ಟು ವರ್ಷ ಆ ಮಲಗಿದ ಗಿಡದಿಂದ ಬಗ್ಗಿ ಬಗ್ಗಿ ಕಿತ್ತವಳು ನಾನು. ನನಗಿಂತ ಮುಂಚೆ ಅತ್ತೆ. ಅವರ ಸೊಂಟ ಕೊನೆಗೆ ನೆಟ್ಟಗೆ ಆಗ್ಲೇ ಇಲ್ಲ, ನೀವೂ ನೋಡಿದ್ದೀರಲ್ಲ."

ನಗು ನಿಂತಿತು. ನೋಡೋಣಪ್ಪ ಅಮ್ಮನನ್ನು ನೆನಪು ಮಾಡಿಕೊಂಡ. ಅಮ್ಮ ಯಾವಾಗಲೂ ಬಗ್ಗಿಯೇ ನಡೆಯುತ್ತಿದ್ದಳು. ಅದು ವಯಸ್ಸು ಎಂದುಕೊಂಡಿದ್ದ. ನಾಟಿ, ನೀರು, ಗೊಬ್ಬರ, ಮಾರಾಟ ಅಪ್ಪನದು. ಹಣ್ಣು ಕೀಳುವುದು ಹೆಂಗಸರ ಕೆಲಸ. ಆ ಹೊಲದಲ್ಲಿ ಹುಟ್ಟಿ ಬೆಳೆದವನು ಒಂದು ಬುಟ್ಟಿ ಹಣ್ಣನ್ನೂ ತಾನಾಗಿ ಕಿತ್ತಿರಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಆಗ ಬಾಯಿ ಹಾಕಿದವನು ಷಡ್ಡಕ. "ಓ, ಅತ್ತಿಗೆ! ನಿಮ್ಮ ತಂಗಿ ಹೋದ ವಾರದಿಂದ ಕೋಲು ಕಡಿದು ಕೊಡಿ, ಕೋಲು ಕಡಿದು ಕೊಡಿ ಅಂತ ನನ್ನ ಪ್ರಾಣ ತಿಂತಿರೋದು ಇದಕ್ಕೇನಾ?"

ಮೇಡಂ ಥಟ್ಟನೆ ಅವನ ಕಡೆ ತಿರುಗಿದಳು. "ಕಡಿದು ಕೊಟ್ರಾ?"

ಷಡ್ಡಕ ತಲೆ ಕೆರೆದುಕೊಂಡ. "ಹಿಂದುಗಡೆ, ಬಾವಿ ಪಕ್ಕ, ನಾಲ್ಕು ಸಾಲಿಗೆ... ರಸ್ತೆಗೆ ಕಾಣಲ್ಲ ಬಿಡಿ."

ಅಲ್ಲಿಗೆ ಇನ್ನೊಬ್ಬನೂ ಕೆಮ್ಮಿದ. ಅವನು ಮೆಣಸಿನಕಾಯಿ ಗಿಡಕ್ಕೆ ಹಳದಿ ಹಾಳೆ ಕಟ್ಟಿದ್ದನಂತೆ, ಹೆಂಡತಿ ಬಟ್ಟೆ ಒಣಹಾಕಿದ್ದಾಳೆ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು. ಮೇಡಂ ಬದುವಿನ ಮೇಲೆ ಕೂತುಬಿಟ್ಟಳು. ಅಳುತ್ತಾಳೇನೋ ಎಂದು ನೋಡೋಣಪ್ಪ ಗಾಬರಿಯಾದ. ಅವಳು ನಗುತ್ತಿದ್ದಳು.

"ಇವರು ಮಾಡಿದ್ದನ್ನೂ ಒಪ್ಪಲ್ಲ, ಮಾಡದೇ ಇರೋದನ್ನೂ ಒಪ್ಪಲ್ಲ ಸರ್" ಅಂದಳು ಸಾಹೇಬರಿಗೆ.

ಮುಂದಿನ ಬೆಳೆಗೆ ಮತ್ತೆ ಮಾಡುವುದು ಎಂದಾಯಿತು. ಈ ಸಲ ಒಪ್ಪಂದ ಬರೆದವಳು ಹೆಂಡತಿ, ಅದೂ ಬಾಯಿಮಾತಿನಲ್ಲೇ. "ಮಾವನ ಪಾಲು ನಾನು ಬೆಳೆಸ್ತೀನಿ, ಅವರು ಹೇಳಿದ ಹಾಗೇ, ಒಂದು ಹನಿ ಹೆಚ್ಚುಕಮ್ಮಿ ಇಲ್ಲದೆ. ಮೇಡಂ ಪಾಲು ನೀವು ಬೆಳೆಸಿ. ಕೀಳೋದು ಮಾತ್ರ ಅದಲುಬದಲು. ಮಲಗಿದ ಗಿಡದ್ದು ನೀವು, ನಿಂತ ಗಿಡದ್ದು ನಾನು."

"ಅದೇನು ಮಹಾ!" ಅಂದ ನೋಡೋಣಪ್ಪ.

ಬೆಳೆ ಬಂತು. ಮೋಸ ಮಾಡುವವರಿಲ್ಲದೆ ಎರಡು ಪಾಲೂ ಮರ್ಯಾದೆಯಿಂದ ಬೆಳೆದವು. ಅಪ್ಪನ ಗಿಡಗಳೂ ಚೆನ್ನಾಗಿಯೇ ಕಾಯಿ ಕಚ್ಚಿದವು. ಹೆಂಡತಿಯ ಕೈಗುಣ ನೋಡಿ ನೋಡೋಣಪ್ಪನಿಗೆ ಒಳಗೊಳಗೇ ಹೆಮ್ಮೆ. ತಾನು ಬೆಳೆಸಿದ ಪಾಲಿನ ಮೇಲೂ ಅವನಿಗೆ ಬರಬರುತ್ತ ಮೋಹ ಬಂತು. ಮಣ್ಣಿಗೆ ಬೆರಳು ಚುಚ್ಚಿ ಚುಚ್ಚಿ ಉಗುರೆಲ್ಲ ಕಪ್ಪಾಯಿತು.

ಕೀಳುವ ದಿನ ಟವೆಲ್ಲನ್ನು ತಲೆಗೆ ಸುತ್ತಿ, ಬುಟ್ಟಿ ಹಿಡಿದು, ಶಿಳ್ಳೆ ಹಾಕುತ್ತ ಇಳಿದ. ಅರ್ಧ ಸಾಲಿಗೆ ಶಿಳ್ಳೆ ನಿಂತಿತು. ಒಂದು ಸಾಲು ಮುಗಿಯುವ ಹೊತ್ತಿಗೆ ಸೊಂಟ ತನ್ನ ಇರುವಿಕೆಯನ್ನು ತಿಳಿಸಿತು. ಎಲೆಯ ಅಡಿ ಕೈ ಹಾಕಬೇಕು, ಬಳ್ಳಿ ತುಳಿಯಬಾರದು, ಕೊಳೆತದ್ದನ್ನು ಬಿಟ್ಟು ಒಳ್ಳೆಯದನ್ನು ಹುಡುಕಬೇಕು, ಬಗ್ಗಿದವನು ಏಳುವ ಹಾಗಿಲ್ಲ, ಎದ್ದರೆ ಮತ್ತೆ ಬಗ್ಗುವ ಹಾಗಿಲ್ಲ. ಆಚೆ ಪಾಲಿನಲ್ಲಿ ಹೆಂಡತಿ ನೆಟ್ಟಗೆ ನಿಂತು, ತಂಗಿಯ ಜೊತೆ ಹರಟುತ್ತ, ಹೂ ಬಿಡಿಸಿದ ಹಾಗೆ ಹಣ್ಣು ಬಿಡಿಸುತ್ತಿದ್ದಳು.

"ರೀ, ಬಿದ್ದುಗಿದ್ದೀರಾ ಹುಷಾರು."

"ನಿಂಗ್ಯಾಕೆ ಇಲ್ಲಿಯ ಉಸಾಬರಿ? ನೀನು ಕಿತ್ತುಕೋ" ಅಂದ ಅವನು, ನೆಲಕ್ಕೆ ಮೂಗು ತಾಗಿಸಿಕೊಂಡೇ.

ಅವತ್ತು ಅವನು ಊಟಕ್ಕೆ ಗೋಡೆಗೆ ಒರಗಿ ಕೂತ. ಮಾರನೆಯ ದಿನ ಎದ್ದು ಕೂರಲು ಹೆಂಡತಿಯ ಕೈ ಬೇಕಾಯಿತು. ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟಳು, ಎಲ್ಲಿ ಇಡಬೇಕೆಂದು ಕೇಳದೆಯೇ. ಸರಿಯಾಗಿ ನೋವಿದ್ದ ಜಾಗಕ್ಕೇ ಇಟ್ಟಳು. ಅದು ಅವನಿಗೆ ಅವಳ ಯಾವ ಕೊಂಕು ಮಾತಿಗಿಂತಲೂ ಹೆಚ್ಚು ತಾಗಿತು.

ಎರಡನೆಯ ಕೊಯ್ಲಿನ ಅಳತೆಗೆ ಮೇಡಂ ಸ್ಕೂಟರಿನಲ್ಲಿ ಬಂದಾಗ ಹೊಲದಲ್ಲಿ ಕಂಡದ್ದನ್ನು ಕಂಡು ಹೆಲ್ಮೆಟ್ಟು ತೆಗೆಯುವುದನ್ನೇ ಮರೆತಳು. ನೋಡೋಣಪ್ಪ ಅಪ್ಪನ ಪಾಲಿನ ನಡುವೆ ನಿಂತಿದ್ದ. ಪಕ್ಕದಲ್ಲಿ ಕೋಲಿನ ಹೊರೆ. ಮಲಗಿದ್ದ ಗಿಡಗಳಲ್ಲಿ ಆರೇಳು ಸಾಲು ಆಗಲೇ ದಾರಕ್ಕೆ ಜೋತುಬಿದ್ದು, ನಿದ್ದೆಯಿಂದ ಎಬ್ಬಿಸಿದ ಮಕ್ಕಳಂತೆ ವಾಲಿಕೊಂಡು ನಿಂತಿದ್ದವು.

"ಯಜಮಾನ್ರೇ! ಏನ್ ಮಾಡ್ತಿದ್ದೀರಿ? ಬೆಳೆ ಇನ್ನೂ ಪೂರ್ತಿ ಮುಗಿದಿಲ್ಲ. ಹೋಲಿಕೆ ಮತ್ತೆ ಕೆಟ್ಟಿತಲ್ಲ!"

"ಕೆಡ್ಲಿ ಬಿಡಿ ಮೇಡಂ" ಅಂದ ನೋಡೋಣಪ್ಪ, ಹಲ್ಲಲ್ಲಿ ದಾರ ಕಚ್ಚಿಕೊಂಡು. "ನಂಗೆ ತಡೆಯೋಕೆ ಆಗ್ಲಿಲ್ಲ."

"ಸಾಹೇಬ್ರಿಗೆ ನಾನು ಏನಂತ ಹೇಳಲಿ?"

"ತಪ್ಪನ್ನ ನನ್ನ ಸೊಂಟದ ಮೇಲೆ ಹಾಕಿ. ನೀರಿನ ವಿಷಯಕ್ಕೆ ಇನ್ನೂ ಅಪ್ಪನ ಮಾತೇ ನಡೀತಿದೆ, ಅದನ್ನೂ ಹೇಳಿ."

ಮೇಡಂ ಹೆಲ್ಮೆಟ್ಟು ತೆಗೆದು ಬೋರ್ಡಿನ ಕಂಬಕ್ಕೆ ತಗುಲಿಹಾಕಿ, ಚಪ್ಪಲಿ ಬಿಟ್ಟು, ಹೊಲಕ್ಕಿಳಿದು ದಾರದ ಇನ್ನೊಂದು ತುದಿ ಹಿಡಿದಳು. ನೋಡೋಣಪ್ಪ ಮುಂದಿನ ಗಿಡವನ್ನು ಎರಡು ಕೈಯಲ್ಲಿ ಮೆಲ್ಲಗೆ ಎತ್ತಿದ. ಅದರ ಅಡಿಯಲ್ಲಿ ಕೆಂಪಗಿನ ನಾಲ್ಕು ಹಣ್ಣು ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು.

"ರೀ, ಅದಕ್ಕಿಂತ ಹಿಂದಿನ ಗಂಟು ಸಡಿಲ ಆಗಿದೆ" ಎಂದು ಆಚೆಯಿಂದ ಹೆಂಡತಿ ಕೂಗಿದಳು. "ಗಾಳಿ ಬಂದ್ರೆ ಬಿಚ್ಚಿಹೋಗುತ್ತೆ."

ಅವನು ಗಿಡವನ್ನು ಮೇಡಂ ಕೈಗೆ ಕೊಟ್ಟು ಗೊಣಗಿಕೊಳ್ಳುತ್ತ ಹಿಂದೆ ಹೋದ. ಗಂಟು ಸಡಿಲವಾಗಿರಲಿಲ್ಲ. ಆದರೂ ಬಿಚ್ಚಿ ಇನ್ನೊಮ್ಮೆ ಕಟ್ಟಿದ.